ಮೇ ತಿಂಗಳಲ್ಲಿ ಫಿಲಿಪೈನ್ಸ್‌ನ ಲುಕ್ಬಾನ್: ಬೆಟ್ಟದ ರೆಸಾರ್ಟ್‌ನಲ್ಲಿ ಉಳಿಯೋದಾ, ಊರೊಳಗಾ?

ಕಿರಣ್_ಹಾಸನ
ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಮೇ ತಿಂಗಳಲ್ಲಿ ಮನಿಲಾಗೆ ಹೋಗುತ್ತಿದ್ದೇನೆ. ಕೆಲಸ ಮುಗಿಯುವ ಹೊತ್ತಿಗೆ ಅಮ್ಮ, ಹೆಂಡತಿ, ಮಗಳು ಬಂದು ಸೇರಿಕೊಳ್ಳುತ್ತಾರೆ. ಯಾರನ್ನು ಕೇಳಿದರೂ ಬೊರಾಕಾಯ್, ಪಲವಾನ್ ಅಂತ ಸಮುದ್ರದ ಕಡೆಗೇ ಕೈ ತೋರಿಸುತ್ತಾರೆ. ಅಮ್ಮನಿಗೆ ದೋಣಿ ಹತ್ತೋದು ಅಂದರೆ ಆಗೋದೇ ಇಲ್ಲ.

ಅಲ್ಲಿನ ಸಹೋದ್ಯೋಗಿಯೊಬ್ಬರು ಕೆಸೋನ್ ಪ್ರಾಂತ್ಯದ ಲುಕ್ಬಾನ್ ಅನ್ನೋ ಊರಿನ ಬಗ್ಗೆ ಹೇಳಿದರು. ಬನಹಾವ್ ಬೆಟ್ಟದ ಬುಡದಲ್ಲಿದೆ, ತಂಪು ಹವೆ, ಸುತ್ತ ರೆಸಾರ್ಟ್‌ಗಳಿವೆ. ಮೇ 15ಕ್ಕೆ ಪಹಿಯಾಸ್ ಅಂತ ಹಬ್ಬ. ಮನೆಗಳ ಮುಂದೆ ತರಕಾರಿ, ಭತ್ತದ ತೆನೆ ಎಲ್ಲಾ ಕಟ್ಟಿ ಸಿಂಗಾರ ಮಾಡುತ್ತಾರಂತೆ. ಕೇಳಿ ಆಸೆ ಆಯ್ತು.

ನನ್ನ ಪ್ರಶ್ನೆ ಇಷ್ಟು. ಬೆಟ್ಟದ ಕಡೆ ರೆಸಾರ್ಟ್ ಬುಕ್ ಮಾಡಿ ಹಬ್ಬಕ್ಕೆ ಬಂದು ಹೋಗೋದು ಒಳ್ಳೆಯದಾ, ಊರೊಳಗೇ ಉಳಿಯೋದಾ? ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ, ಅವರಿಗೆ ಊಟಕ್ಕೆ ಏನು ಮಾಡೋದು? ನನಗೆ ಬೆಟ್ಟ ಹತ್ತೋ ಹುಚ್ಚು ಬೇರೆ ಇದೆ. ಬನಹಾವ್ ಹತ್ತಬಹುದಾ?

ಮನಿಲಾ_ಮೆಡಿಕೋ
ಹೋಗಿ ಸಾರ್, ಯೋಚನೆ ಮಾಡಬೇಡಿ. ನಾನು ಇಲ್ಲೇ ಮೆಡಿಕಲ್ ಓದ್ತಾ ಇದ್ದೀನಿ. ಕ್ಲಾಸ್‌ಮೇಟ್ ಒಬ್ಬಳ ಅಜ್ಜಿ ಮನೆ ಲುಕ್ಬಾನ್‌ನಲ್ಲೇ ಇದೆ, ಹಬ್ಬಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದಳು. ನನ್ನ ಸಲಹೆ ಒಂದೇ: 15ನೇ ತಾರೀಖು ಬೆಳಿಗ್ಗೆ ಮನಿಲಾದಿಂದ ಹೊರಡ್ತೀನಿ ಅನ್ನಬೇಡಿ. 14ರ ಮಧ್ಯಾಹ್ನಕ್ಕೇ ಊರಲ್ಲಿ ಇರಿ. ಹಿಂದಿನ ರಾತ್ರಿ ಮನೆಮಂದಿಯೆಲ್ಲ ಏಣಿ ಹತ್ತಿ ಕಟ್ಟುತ್ತಾ, ಒಬ್ಬರಿಗೊಬ್ಬರು ಬೈಯುತ್ತಾ, ನಗುತ್ತಾ ಇರುತ್ತಾರೆ. ನನಗೆ ಹಬ್ಬಕ್ಕಿಂತ ಅದೇ ಇಷ್ಟ ಆಯ್ತು.

ಹುಬ್ಳಿ_ಹುಡುಗ
ವಯಸ್ಸಾದ ತಾಯಿ, ಸಣ್ಣ ಮಗು. ರೆಸಾರ್ಟೇ ಬೆಸ್ಟ್. ಊರೊಳಗೆ ಆ ಗದ್ದಲದಲ್ಲಿ ಯಾಕೆ ಒದ್ದಾಡ್ತೀರಿ?

ಶಾರದಕ್ಕ
ಕಿರಣ್, ನಮ್ಮ ಯಜಮಾನರು ಲೋಸ್ ಬಾನ್ಯೋಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಾವು ಅಲ್ಲೇ ಇದ್ದೆವು. ಲುಕ್ಬಾನ್ ಅಲ್ಲಿಂದ ದೂರ ಏನಿಲ್ಲ. ಹುಬ್ಬಳ್ಳಿಯ ತಮ್ಮ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಬ್ಬದ ದಿನ ಊರಿನ ನಡುವಿನ ರಸ್ತೆಗಳಿಗೆ ಗಾಡಿ ಬಿಡುವುದಿಲ್ಲ. ರೆಸಾರ್ಟ್‌ಗಳು ಊರ ಹೊರಗಿರುತ್ತವೆ. ಗಾಡಿ ಎಲ್ಲೋ ನಿಲ್ಲಿಸಿ, ಬಿಸಿಲಲ್ಲಿ ನಡೆದು ಬಂದು, ಮತ್ತೆ ಅಷ್ಟೇ ದೂರ ನಡೆದು ಹೋಗಬೇಕು. ಅದು ನಿಮ್ಮ ತಾಯಿಯವರಿಗೆ ಆರಾಮಾ? ಊರೊಳಗೆ ಒಂದು ಕೋಣೆ ಇದ್ದರೆ ಅವರಿಗೆ ಸುಸ್ತಾದಾಗ ಹೋಗಿ ಮಲಗಬಹುದು, ಸಂಜೆ ತಂಪಾದ ಮೇಲೆ ಮತ್ತೆ ಬರಬಹುದು.

ಹಬ್ಬದ ಸಮಯದಲ್ಲಿ ಎಷ್ಟೋ ಮನೆಯವರು ಕೋಣೆ ಬಾಡಿಗೆಗೆ ಕೊಡುತ್ತಾರೆ. ಆದರೆ ತಿಂಗಳುಗಳ ಮುಂಚೆಯೇ ಹೇಳಿಡಬೇಕು.

ಹುಬ್ಳಿ_ಹುಡುಗ
ಅಕ್ಕಾರ, ಕೋಣೆ ಸಿಗಬೇಕಲ್ಲ ಮೊದಲು!

ಫೋಟೋ_ಪವನ್
ಕಿಪಿಂಗ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಪಹಿಯಾಸ್ ಅಂದರೆ ಅದೇ. ಬಣ್ಣಬಣ್ಣದ ಎಲೆ ಗೊಂಚಲು ಕಿಟಕಿಯಿಂದ ಇಳಿಬಿಟ್ಟಿರುತ್ತಾರೆ, ಹಿಂದಿನಿಂದ ಬಿಸಿಲು ಬಿದ್ದರೆ ಗಾಜಿನ ಹಾಗೆ ಹೊಳೆಯುತ್ತೆ. ಬೆಳಿಗ್ಗೆ ಏಳರೊಳಗೆ ಕ್ಯಾಮೆರಾ ಹಿಡಿದು ಹೊರಡಿ. ಹತ್ತು ಗಂಟೆ ಆದ ಮೇಲೆ ತಲೆಗಳು ಬಿಟ್ಟರೆ ಬೇರೇನೂ ಫೋಟೋದಲ್ಲಿ ಬರಲ್ಲ.

ಗೀತಾ_ಕೆ
ಕಿಪಿಂಗ್ ಅಂದ್ರೆ ಏನು? ಪ್ಲಾಸ್ಟಿಕ್ಕಾ?

ಮನಿಲಾ_ಮೆಡಿಕೋ
ಅಯ್ಯೋ ಇಲ್ಲ ಮೇಡಂ, ಅಕ್ಕಿ! ನಮ್ಮ ಅಕ್ಕಿ ಹಪ್ಪಳಕ್ಕೆ ಬಣ್ಣ ಹಾಕಿದ ಹಾಗೆ ಅಂದುಕೊಳ್ಳಿ. ಆ ಅಜ್ಜಿ ಮಾಡೋದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ರುಬ್ಬಿದ ಅಕ್ಕಿ ಹಿಟ್ಟನ್ನು ನೀರಾಗಿ ಕಲಸಿ ಬಣ್ಣ ಹಾಕುತ್ತಾರೆ. ಅಗಲವಾದ ಎಲೆ ತಗೊಂಡು ಅದರ ಮೇಲೆ ತೆಳ್ಳಗೆ ಸವರುತ್ತಾರೆ. ಕಾಬಾಲ್ ಅನ್ನೋ ಗಿಡದ ಎಲೆ ಆಗಬಹುದು, ಕಾಫಿ ಎಲೆ, ಕೋಕೋ ಎಲೆನೂ ನಡೆಯುತ್ತೆ. ಹಬೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದು, ಆರಿದ ಮೇಲೆ ತುದಿಯಿಂದ ಮೆಲ್ಲಗೆ ಬಿಡಿಸುತ್ತಾರೆ. ಎಲೆಯ ನರ ಒಂದೊಂದೂ ಅದರಲ್ಲಿ ಮೂಡಿರುತ್ತೆ. ಆಮೇಲೆ ಮುದುಡದ ಹಾಗೆ ಮೇಲೆ ಭಾರ ಇಟ್ಟು ಒಣಗಿಸೋದು. ಅಜ್ಜಿ ಬಿಡಿಸುವಾಗ ಒಂದೂ ಹರಿಯಲಿಲ್ಲ. ನಾವು ಕೈ ಹಾಕಿದ್ದೆಲ್ಲ ಚೂರುಚೂರು.

ಇಂಥ ನೂರಾರು ಪೋಣಿಸಿ ತೂಗುದೀಪದ ಆಕಾರಕ್ಕೆ ಕಟ್ಟುತ್ತಾರೆ. ಅದಕ್ಕೆ ಅರಾಂಗ್ಯಾ ಅಂತಾರೆ.

ಗೀತಾ_ಕೆ
ತಿನ್ನಬಹುದಾ ಹಾಗಾದ್ರೆ?

ರಾಗಿ_ರಮೇಶ
ಹಬ್ಬ ಮುಗಿದ ಮೇಲೆ ಅಲ್ಲೇ ಕಿತ್ತುಕೊಂಡು ತಿಂತಾರೆ ಅಂತ ವಿಡಿಯೋದಲ್ಲಿ ನೋಡಿದ್ದೆ.

ಮನಿಲಾ_ಮೆಡಿಕೋ
ಹಸಿಯಾಗಿ ಯಾರೂ ತಿನ್ನಲ್ಲ ರಮೇಶಣ್ಣ, ಎಣ್ಣೆಯಲ್ಲಿ ಕರಿಯಬೇಕು. ಕರಿದು ಸಕ್ಕರೆ ಉದುರಿಸಿಕೊಂಡೋ ವಿನೆಗರ್‌ನಲ್ಲಿ ಅದ್ದಿಯೋ ತಿಂತಾರೆ. ಬೀದಿಯಲ್ಲಿ ದಿನವಿಡೀ ಧೂಳು ಕುಡಿದಿರೋದನ್ನ ಬಿಟ್ಟು, ತಿನ್ನೋಕೆ ಅಂತಲೇ ಮಾಡಿದ್ದನ್ನ ಅಂಗಡಿಯಲ್ಲಿ ತಗೊಳ್ಳಿ.

ರಾಗಿ_ರಮೇಶ
ವಿಡಿಯೋದವರು ಕರಿಯೋದನ್ನ ಕಟ್ ಮಾಡಿರಬೇಕು ಬಿಡಿ 😄

ಟ್ರೆಕ್_ಪ್ರಶಾಂತ
ಕಿರಣ್, ಬನಹಾವ್ ಆಸೆ ಬಿಡಿ. 2,100 ಮೀಟರ್ ದಾಟಿದ ಜ್ವಾಲಾಮುಖಿ ಬೆಟ್ಟ, ನೋಡಿದರೆ ಯಾರಿಗಾದರೂ ಕಾಲು ತುರಿಸುತ್ತೆ, ನಿಜ. ಆದರೆ ಶಿಖರದ ದಾರಿಗಳನ್ನು 2004ರಲ್ಲೇ ಮುಚ್ಚಿದರು. ಹತ್ತುವವರು ಜಾಸ್ತಿಯಾಗಿ ಕಸ, ಕೊಳಕು ಮಿತಿ ಮೀರಿತ್ತು. 2009ರಲ್ಲಿ ಕಾನೂನು ಮಾಡಿ ಬನಹಾವ್ ಮತ್ತು ಪಕ್ಕದ ಸಾನ್ ಕ್ರಿಸ್ತೋಬಾಲ್ ಎರಡನ್ನೂ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. "ನನಗೆ ಒಳದಾರಿ ಗೊತ್ತು ಬನ್ನಿ" ಅನ್ನೋ ಗೈಡ್‌ಗಳು ಸಿಗಬಹುದು. ದಯವಿಟ್ಟು ಅವರ ಹಿಂದೆ ಹೋಗಬೇಡಿ.

ಹುಬ್ಳಿ_ಹುಡುಗ
ಅದು ಮುಚ್ಚಿರೋದು ಬೆಟ್ಟದ ಇನ್ನೊಂದು ಬದಿಯ ದೊಲೋರೆಸ್ ಊರಿನ ಕಡೆ ಅಲ್ವಾ? ಲುಕ್ಬಾನ್ ಕಡೆಯಿಂದ ಬೇರೆ ದಾರಿ ಇದೆಯಲ್ಲ.

ಟ್ರೆಕ್_ಪ್ರಶಾಂತ
ಬೆಟ್ಟ ಒಂದೇ ಗುರು. ಯಾವ ಕಡೆಯಿಂದ ಹತ್ತಿದರೂ ಮೇಲೆ ಹೋಗಿ ಸೇರೋದು ಅದೇ ಸಂರಕ್ಷಿತ ಕಾಡಿಗೆ. ದೊಲೋರೆಸ್ ಕಡೆ ಬುಡದಲ್ಲಿ ಯಾತ್ರಿಕರು ಹೋಗೋ ಗುಹೆ, ಬುಗ್ಗೆಗಳಿವೆ. ಅದು ಬೇರೆ ವಿಷಯ. ನಡೆಯೋ ಚಟ ತೀರಬೇಕು ಅಂದರೆ ಮಜಯ್‌ಜಯ್ ಕಡೆ ತಾಯ್ತಾಯ್ ಜಲಪಾತಕ್ಕೆ ಹೋಗಿ. ನೀರು ಇಳಿದು ಬರೋದು ಬನಹಾವ್‌ನಿಂದಲೇ. ಮೈ ಕೊರೆಯುವಷ್ಟು ತಣ್ಣಗಿರುತ್ತೆ.

ಕಿರಣ್_ಹಾಸನ
ಸರಿ ಪ್ರಶಾಂತ್, ಬನಹಾವ್ ಲಿಸ್ಟಿನಿಂದ ತೆಗೆದೆ. ಊಟದ ವಿಷಯ ಯಾರಾದರೂ ಹೇಳಿ, ಅಮ್ಮನದೇ ಚಿಂತೆ.

ಶಾರದಕ್ಕ
ಊಟಕ್ಕೆ ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಲುಕ್ಬಾನ್‌ನ ಹೆಸರು ಇರುವುದೇ ಬೆಳ್ಳುಳ್ಳಿ ಹಾಕಿದ ಹಂದಿ ಮಾಂಸದ ಲೊಂಗನೀಸಾ ಅನ್ನುವ ಸಾಸೇಜಿಗೆ. ಹಬ್ಬದ ದಿನ ತರಕಾರಿ ಜೊತೆ ಅದನ್ನೂ ಮಾಲೆ ಮಾಡಿ ಮನೆ ಮುಂದೆ ತೂಗುಹಾಕಿರುತ್ತಾರೆ. ನಿಮ್ಮ ತಾಯಿಯವರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಬೆಚ್ಚಿಬೀಳುವುದು ಬೇಡ.

ಇನ್ನು "ತರಕಾರಿ ಪಲ್ಯ" ಅಂತ ಕೊಟ್ಟರೂ ನಂಬಬೇಡಿ. ಸಣ್ಣ ಸೀಗಡಿಯೋ, ಮೀನಿನ ಸಾರದ ಪಾತಿಸ್ಸೋ ಅದರಲ್ಲಿ ಇದ್ದೇ ಇರುತ್ತದೆ. ಮಾಂಸ ಹಾಕಬೇಡಿ ಅಂದರೆ ತುಂಡು ತೆಗೆದು ಕೊಡುತ್ತಾರೆ, ರಸ ಅದೇ ಇರುತ್ತದೆ. ಅವರದ್ದು ಮೋಸ ಅಲ್ಲ, ಅವರಿಗೆ ಅದು ಮಾಂಸದ ಲೆಕ್ಕವೇ ಅಲ್ಲ. ನಾನು ಮಾಡುತ್ತಿದ್ದದ್ದು ಇಷ್ಟು: ಬಿಳಿ ಅನ್ನ ಎಲ್ಲೆಡೆ ಸಿಗುತ್ತದೆ, ಚಟ್ನಿಪುಡಿ, ಉಪ್ಪಿನಕಾಯಿ ನನ್ನ ಚೀಲದಲ್ಲಿ. ಮೇ ತಿಂಗಳಲ್ಲಿ ಮಾವು, ಬಾಳೆ ಬೇಕಾದಷ್ಟು. ಬೆಳಿಗ್ಗೆ ತಾಹೋ ಮಾರುವವನು ಕೂಗಿಕೊಂಡು ಬರುತ್ತಾನೆ. ಮೆತ್ತನೆಯ ಸೋಯಾ ಗಿಣ್ಣಿಗೆ ಬೆಲ್ಲದ ಪಾಕ, ಸಬ್ಬಕ್ಕಿ ಹಾಕಿ ಕೊಡುತ್ತಾನೆ. ಅದನ್ನು ಧಾರಾಳವಾಗಿ ಕುಡಿಯಬಹುದು. ಅಂಟಕ್ಕಿಯಿಂದ ಮಾಡಿ ಬಾಳೆಲೆಯಲ್ಲಿ ಸುತ್ತಿದ ಸುಮಾನ್ ಕೂಡ ಅಕ್ಕಿ, ತೆಂಗಿನ ಹಾಲು ಅಷ್ಟೇ. ಬೇರೆ ಸಿಹಿತಿಂಡಿಗೆ ಮೊಟ್ಟೆ ಹಾಕಿರುತ್ತಾರೆ, ಕೇಳಿ ತಗೊಳ್ಳಿ.

ಮನಿಲಾ_ಮೆಡಿಕೋ
ಶಾರದಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ತಿನ್ನುವವರಿಗೆ ಮಾತ್ರ ಒಂದು ಮಾತು: ಪಾನ್ಸಿತ್ ಹಬ್‌ಹಬ್ ಬಿಡಬೇಡಿ. ಬಾಳೆಲೆ ತುಂಡಿನ ಮೇಲೆ ನೂಡಲ್ಸ್ ಹಾಕಿ, ವಿನೆಗರ್ ಸುರಿದು ಕೈಗೆ ಕೊಡ್ತಾರೆ. ಚಮಚ ಇಲ್ಲ, ಫೋರ್ಕ್ ಇಲ್ಲ. ಎಲೆಯನ್ನ ಬಾಯಿಗೇ ಹಿಡಿದು ತಿನ್ನಬೇಕು. ಮೊದಲ ಸಲ ನನ್ನ ಶರ್ಟ್ ತಿಂದದ್ದೇ ಜಾಸ್ತಿ.

ಸಿಂಧು_ಬಳ್ಳಾರಿ
ಮೆಡಿಕೋ ಅವರೇ, ಅಲ್ಲಿ ಮೆಡಿಕಲ್ ಓದೋಕೆ ವರ್ಷಕ್ಕೆ ಎಷ್ಟಾಗುತ್ತೆ? ನನ್ನ ತಮ್ಮನಿಗೆ ನೀಟ್ ರ‍್ಯಾಂಕ್ ಚೆನ್ನಾಗಿ ಬಂದಿಲ್ಲ. ಏಜೆಂಟ್ ಒಬ್ಬರು ಏನೇನೋ ಹೇಳ್ತಿದ್ದಾರೆ.

ನಿರ್ವಾಹಕ
ಸಿಂಧು ಅವರೇ, ಇದಕ್ಕೆ ಶಿಕ್ಷಣ ವಿಭಾಗದಲ್ಲಿ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಪ್ರವಾಸ ಮಾತ್ರ.

ಮನಿಲಾ_ಮೆಡಿಕೋ
@ಸಿಂಧು ಅಲ್ಲಿಗೇ ಬಂದು ಉತ್ತರ ಕೊಡ್ತೀನಿ. ಅಲ್ಲಿಯವರೆಗೆ ಏಜೆಂಟ್‌ಗೆ ದುಡ್ಡು ಕೊಡಬೇಡಿ.

ಕೃಷಿಕ_ತೀರ್ಥಹಳ್ಳಿ
ನನಗೊಂದು ಕುತೂಹಲ. ಇದು ರೈತರ ಹಬ್ಬವೋ ಚರ್ಚಿನ ಹಬ್ಬವೋ? ಎಲ್ಲರೂ ಫೋಟೋ, ಊಟ ಅಂತಿದ್ದೀರಿ.

ಶಾರದಕ್ಕ
ಎರಡೂ ಹೌದು. ಸಾನ್ ಇಸಿದ್ರೋ ಅಂತ ಸ್ಪೇನಿನ ಸಂತ, ಮ್ಯಾಡ್ರಿಡ್ ಹತ್ತಿರ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. ಅವನು ಪ್ರಾರ್ಥನೆಗೆ ಕೂತಾಗ ದೇವದೂತರೇ ನೇಗಿಲು ಹಿಡಿದು ಉಳುತ್ತಿದ್ದರು ಅಂತ ಕತೆ. ರೈತರ ಸಂತ ಅಂತಲೇ ಪೂಜಿಸುತ್ತಾರೆ, ಮೇ 15 ಅವನ ಹಬ್ಬ. ಮೊದಲೆಲ್ಲ ಬೆಳೆದದ್ದನ್ನು ಚರ್ಚಿಗೇ ಹೊತ್ತು ತಂದು ಆಶೀರ್ವಾದ ಮಾಡಿಸುತ್ತಿದ್ದರಂತೆ. ಚರ್ಚಿನಲ್ಲಿ ಜಾಗ ಸಾಲದೆ ಹೋದಾಗ, ನೀವು ನಿಮ್ಮ ಮನೆ ಮುಂದೆಯೇ ಇಡಿ, ನಾನೇ ಬರುತ್ತೇನೆ ಅಂದನಂತೆ ಪಾದ್ರಿ. ಊರಿನವರು ಹೇಳುವ ಕತೆ ಇದು. ಈಗಲೂ ಸಂತನ ಮೂರ್ತಿಯ ಮೆರವಣಿಗೆ ಮನೆಗಳ ಮುಂದೆ ಹಾದು ಹೋಗುತ್ತದೆ.

ಮೆರವಣಿಗೆಯ ದಾರಿ ವರ್ಷ ವರ್ಷ ಬದಲಾಗುತ್ತದೆ. ಆ ದಾರಿಯ ಮನೆಗಳು ಮಾತ್ರ ಸಿಂಗಾರವಾಗುತ್ತವೆ. ಹಾಗಾಗಿ ಒಂದು ಬೀದಿಯವರಿಗೆ ಸರದಿ ಬರುವುದು ಕೆಲವು ವರ್ಷಗಳಿಗೊಮ್ಮೆ. ಬಂದಾಗ ಬಿಡುತ್ತಾರಾ? ಪೂರ್ತಿ ಜೀವ ಸುರಿದು ಮಾಡುತ್ತಾರೆ. ಕಿರಣ್, ಕೋಣೆ ಹುಡುಕುವ ಮುಂಚೆ ಆ ವರ್ಷದ ದಾರಿ ಯಾವುದು ಅಂತ ಕೇಳಿಕೊಳ್ಳಿ.

ರಾಗಿ_ರಮೇಶ
ಬಹುಮಾನ ಇದೆ ಅಂತ ತಾನೇ ಇಷ್ಟೆಲ್ಲ ಮಾಡೋದು? ಸ್ಪರ್ಧೆ, ಪ್ರಾಯೋಜಕರ ಬ್ಯಾನರ್. ಭಕ್ತಿ ಎಲ್ಲಿದೆ ಅದರಲ್ಲಿ?

ಕೃಷಿಕ_ತೀರ್ಥಹಳ್ಳಿ
ಬಹುಮಾನ ಇದ್ದರೆ ಭಕ್ತಿ ಇರಬಾರದಾ ರಮೇಶ್? ಬೆಳೆದವನಿಗೆ ನನ್ನ ಬೆಳೆ ನಾಲ್ಕು ಜನ ನೋಡಲಿ ಅನ್ನೋ ಆಸೆ ಇರುತ್ತೆ. ಕೃಷಿ ಮೇಳದಲ್ಲಿ ನನ್ನ ಕುಂಬಳಕಾಯಿ ಇಟ್ಟಾಗ ನನಗೂ ಇತ್ತು.

ಮನಿಲಾ_ಮೆಡಿಕೋ
ರಮೇಶಣ್ಣ ಹೇಳೋದು ಪೂರ್ತಿ ಸುಳ್ಳಲ್ಲ. ಬ್ಯಾನರ್ ಇದೆ, ಗಲಾಟೆ ಇದೆ. ಆದರೆ ಆ ಅಜ್ಜಿ ಮನೆಯವರು ಸ್ಪರ್ಧೆಗೆ ಹೆಸರೇ ಕೊಟ್ಟಿರಲಿಲ್ಲ. ಆದರೂ ಬಾಗಿಲಿಗೆ ಭತ್ತದ ತೆನೆ, ಮೂಲಂಗಿ, ಹಾಗಲಕಾಯಿ, ಅವರ ಮಗ ಹೆಣೆದ ಬುರಿ ತಾಳೆ ಗರಿಯ ಟೋಪಿಗಳು ಎಲ್ಲಾ ಕಟ್ಟಿದ್ದರು. ಯಾರು ಏನು ಕೆಲಸ ಮಾಡ್ತಾರೋ ಅದನ್ನೇ ಕಟ್ಟೋದು. ಗೊತ್ತಿಲ್ಲದ ನಮ್ಮನ್ನೂ ಒಳಗೆ ಕರೆದು ಊಟಕ್ಕೆ ಕೂರಿಸಿದರು.

ಇತಿಹಾಸ_ಪ್ರಿಯ
ಲುಕ್ಬಾನ್ ಅಂದರೆ ಹಬ್ಬ ಒಂದೇ ಅಲ್ಲ. ಎರ್ಮಾನೋ ಪೂಲಿ ಹುಟ್ಟಿದ ಊರು ಅದು. ನಿಜವಾದ ಹೆಸರು ಅಪೊಲಿನಾರಿಯೋ ಡೆ ಲಾ ಕ್ರೂಸ್, ಹುಟ್ಟಿದ್ದು 1815. ಸನ್ಯಾಸಿ ಆಗಬೇಕು ಅಂತ ಮನಿಲಾಗೆ ಹೋದ. ಸ್ಥಳೀಯ, ಸ್ಪೇನಿನವನಲ್ಲ ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. 1832ರಲ್ಲಿ ತನ್ನದೇ ಭಜನಾ ಕೂಟ ಕಟ್ಟಿದ, ಸಾವಿರಾರು ಜನ ಸೇರಿದರು. ಚರ್ಚೂ ಸರ್ಕಾರವೂ ಹೆದರಿ ಅದನ್ನು ಹತ್ತಿಕ್ಕಿದವು. 1841ರ ನವೆಂಬರ್‌ನಲ್ಲಿ ತಯಾಬಾಸ್‌ನಲ್ಲಿ ಅವನನ್ನು ಕೊಂದರು. ಆಗ ಅವನಿಗೆ ಇನ್ನೂ 26. ಉಳಿದ ಅನುಯಾಯಿಗಳು ಬೆಟ್ಟ ಸೇರಿದರು. ಬನಹಾವ್‌ಗೆ ಇವತ್ತೂ ಯಾತ್ರೆ ಹೋಗುವ ಪಂಗಡಗಳಿವೆ ಅಂದರೆ ಅದರ ಹಿಂದೆ ಈ ಕತೆಯೂ ಇದೆ. ಪ್ರಶಾಂತ್ ಅವರಿಗೆ ಅದು ಟ್ರೆಕ್ಕಿಂಗ್ ಬೆಟ್ಟ, ಅಲ್ಲಿಯವರಿಗೆ ದೇವರ ಬೆಟ್ಟ.

ಟ್ರೆಕ್_ಪ್ರಶಾಂತ
ನಾನು ಹತ್ತಬೇಡಿ ಅಂದವನು ಮಾರಾಯ, ನನಗ್ಯಾಕೆ ಪಾಠ 😀 ಆದರೆ ಈ ಕತೆ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಹುಬ್ಳಿ_ಹುಡುಗ
ಇತಿಹಾಸ ಆಯ್ತು, ರೆಸಾರ್ಟ್ ವಿಷಯಕ್ಕೆ ಬರೋಣ. ನಾನು ಆ ಕಡೆ ಕೆಲಸದ ಮೇಲೆ ಇದ್ದಾಗ ಊರ ಹೊರಗಿನ ಒಂದು ರೆಸಾರ್ಟ್‌ಗೆ ಹೋಗಿದ್ದೆ. ಹೆಸರು ಹೇಳಲ್ಲ. ಈಜುಕೊಳಕ್ಕೆ ಬೆಟ್ಟದ ಬುಗ್ಗೆ ನೀರು, ತಣ್ಣಗೆ, ಸೂಪರ್. ಆದರೆ ಲೆಕ್ಕ ಮಾತ್ರ ವಿಚಿತ್ರ. ಒಳಗೆ ಹೋಗೋಕೆ ತಲೆಗೆ ಇಷ್ಟು. ಕೂರೋಕೆ ಚಪ್ಪರದ ಬಾಡಿಗೆ ಬೇರೆ. ಹೊರಗಿನಿಂದ ತಂದ ಊಟಕ್ಕೆ ಶುಲ್ಕ ಬೇರೆ. ಹಗಲಿಗೊಂದು ದರ, ರಾತ್ರಿಗೊಂದು ದರ. ಒಂದು ಪೆಸೋಗೆ ನಮ್ಮ ಒಂದೂವರೆ ರೂಪಾಯಿ ಆಸುಪಾಸು ಅಂತ ಗುಣಿಸುತ್ತಾ ಕೂತರೆ ಸ್ನಾನದ ಮಜಾನೇ ಹೋಗುತ್ತೆ.

ಗೀತಾ_ಕೆ
ರಾತ್ರಿ ಶಾಂತವಾಗಿರುತ್ತಾ?

ಹುಬ್ಳಿ_ಹುಡುಗ
ಶಾಂತನಾ? ಪಕ್ಕದ ಚಪ್ಪರದಲ್ಲಿ ಒಂದು ಕುಟುಂಬ, ವಿಡಿಯೋಕೆ ಅಂತ ಕರಾವೋಕೆ ಮೆಷಿನ್ ಇಟ್ಟುಕೊಂಡು ಅಜ್ಜನಿಂದ ಮೊಮ್ಮಗನವರೆಗೆ ಸರದಿಯಲ್ಲಿ ಹಾಡಿದರು. ಅಜ್ಜ ಚೆನ್ನಾಗೇ ಹಾಡಿದ, ಅದು ಬೇರೆ ಮಾತು. ಕೊನೆಗೆ ಮೈಕ್ ನನ್ನ ಕೈಗೂ ಬಂತು.

ಶಾರದಕ್ಕ
ಹಾಗಾದರೆ ನೀವೇ ರೆಸಾರ್ಟ್ ಬೇಡ ಅಂತ ಹೇಳಿದ ಹಾಗಾಯಿತಲ್ಲ ತಮ್ಮಾ!

ಹುಬ್ಳಿ_ಹುಡುಗ
ಬೇಡ ಅಂದಿಲ್ಲ ಅಕ್ಕಾರ. ವಾರದ ನಡುವೆ ಹೋಗಲಿ, ಹಬ್ಬ ಆದ ಮೇಲೆ ಹೋಗಲಿ ಅಂದೆ. ಶನಿವಾರ, ಭಾನುವಾರ ಮನಿಲಾದವರೆಲ್ಲ ಅಲ್ಲೇ.

ಫೋಟೋ_ಪವನ್
ಕಾಮಾಯ್ ನಿ ಹೆಸುಸ್ ಮರೆಯಬೇಡಿ. ಗುಡ್ಡದ ಮೇಲೆ 50 ಅಡಿಯ ಯೇಸು ಪ್ರತಿಮೆ ಇದೆ, ಮುನ್ನೂರರ ಹತ್ತಿರ ಮೆಟ್ಟಿಲು. ಮೇಲಿನಿಂದ ಸುತ್ತಲಿನ ಬಯಲೆಲ್ಲ ಚೆನ್ನಾಗಿ ಕಾಣುತ್ತೆ. ಈಸ್ಟರ್ ವಾರದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಮೇನಲ್ಲಿ ಪರವಾಗಿಲ್ಲ.

ಕಿರಣ್_ಹಾಸನ
ಅಮ್ಮ ಕೆಳಗೇ ಕೂರ್ತಾರೆ, ನಾನೂ ಮಗಳೂ ಹತ್ತುತ್ತೀವಿ. ವೀಸಾ ವಿಷಯ ಇನ್ನೊಂದು ಡೌಟ್. ಭಾರತದವರಿಗೆ ವೀಸಾ ಬೇಡ ಅಂತ ಕೇಳಿದೆ, ನಿಜಾನಾ?

ರಾಗಿ_ರಮೇಶ
ಹೌದು, 30 ದಿನ ಫ್ರೀ.

ಮನಿಲಾ_ಮೆಡಿಕೋ
ಎಲ್ಲರಿಗೂ 30 ಅಲ್ಲ. 2025ರ ಜೂನ್‌ನಿಂದ ಜಾರಿಗೆ ಬಂದಿರೋದು ಹೀಗೆ: ಪ್ರವಾಸಕ್ಕೆ ಬರೋ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಇರಬಹುದು, ಅದನ್ನು ಮುಂದುವರಿಸೋಕೆ ಆಗಲ್ಲ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್, ಸಿಂಗಾಪುರ ಅಥವಾ ಬ್ರಿಟನ್ನಿನ ವೀಸಾ ಚಾಲ್ತಿಯಲ್ಲಿ ಇದ್ದವರಿಗೆ ಮಾತ್ರ 30 ದಿನ. ಹಿಂದಿರುಗೋ ಟಿಕೆಟ್, ಉಳಿಯೋ ಜಾಗದ ಬುಕಿಂಗ್ ಕೈಯಲ್ಲಿ ಇರಲಿ. ಮನಿಲಾದಲ್ಲಿ ಇಳಿಯೋ ಮುಂಚಿನ 72 ಗಂಟೆಯೊಳಗೆ ಇಲ್ಲಿನ ಸರ್ಕಾರದ ಇ-ಟ್ರಾವೆಲ್ ಸೈಟ್‌ನಲ್ಲಿ ನೋಂದಣಿ ಮಾಡಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳೋ ಸೈಟ್ ಬಂದರೆ ಅದು ನಕಲಿ. ಸಾರ್, ನೀವು ಕೆಲಸದ ಮೇಲೆ ಬರೋದಾದ್ರೆ ನಿಮ್ಮದು ಕಂಪನಿಯವರನ್ನ ಕೇಳಿ, ಈ ಸೌಲಭ್ಯ ಪ್ರವಾಸಕ್ಕೆ ಮಾತ್ರ.

ಕಿರಣ್_ಹಾಸನ
ನನ್ನದು ಕಂಪನಿಯವರೇ ಮಾಡಿಸ್ತಿದ್ದಾರೆ. ಮನೆಯವರಿಗೆ 14 ದಿನ ಧಾರಾಳವಾಯ್ತು.

ಗೀತಾ_ಕೆ
ಮನಿಲಾದಿಂದ ಹೋಗೋದು ಹೇಗೆ? ಟ್ಯಾಕ್ಸಿನಾ?

ಮನಿಲಾ_ಮೆಡಿಕೋ
ಮನಿಲಾದ ಬುಯೆಂದಿಯಾ ಅಥವಾ ಕುಬಾವ್ ಬಸ್ ನಿಲ್ದಾಣಗಳಿಂದ ಲುಸೇನಾ ನಗರಕ್ಕೆ ಬಸ್. ಟ್ರಾಫಿಕ್ ಕೃಪೆ ತೋರಿದರೆ ಮೂರೂವರೆ, ನಾಲ್ಕು ಗಂಟೆ. ಲುಸೇನಾ ಟರ್ಮಿನಲ್‌ನಿಂದ ಲುಕ್ಬಾನ್‌ಗೆ ಜೀಪ್ನಿ (ಜನ ಹಂಚಿಕೊಂಡು ಹೋಗೋ ಉದ್ದನೆಯ ಜೀಪು), ತಯಾಬಾಸ್ ಮೇಲೆ ಹೋಗುತ್ತೆ. ಇನ್ನೊಂದು ದಾರಿ ಲಗೂನಾ ಕಡೆಯಿಂದ, ಸಾಂತಾ ಕ್ರೂಸ್‌ಗೆ ಹೋಗಿ ಅಲ್ಲಿಂದ ಜೀಪ್ನಿ. ನೋಡೋಕೆ ಚಂದ, ತಿರುವು ಜಾಸ್ತಿ. ವಾಂತಿ ಆಗೋರು ಬೇಡ. ಊರೊಳಗೆ ಓಡಾಡೋಕೆ ಟ್ರೈಸಿಕಲ್, ಅಂದ್ರೆ ಪಕ್ಕಕ್ಕೆ ಸೀಟಿನ ಡಬ್ಬಿ ಜೋಡಿಸಿದ ಬೈಕ್. ಮನಿಲಾದಲ್ಲಿ ಸಿಗೋ ಗ್ರ್ಯಾಬ್ ಆ್ಯಪ್ ಟ್ಯಾಕ್ಸಿ ನಂಬಿಕೊಂಡು ಲುಕ್ಬಾನ್‌ನಲ್ಲಿ ನಿಲ್ಲಬೇಡಿ. ನಗದು ಇಟ್ಟುಕೊಳ್ಳಿ, ಚಿಲ್ಲರೆ ಸಮೇತ.

ಇತಿಹಾಸ_ಪ್ರಿಯ
ತಯಾಬಾಸ್ ಮೇಲೆ ಹೋಗುವುದಾದರೆ ಮಲಗೊನ್‌ಲೊಂಗ್ ಸೇತುವೆ ನೋಡಿ. ಸ್ಪೇನಿನ ಕಾಲದ್ದು, 1850ರಲ್ಲಿ ಮುಗಿದ ಐದು ಕಮಾನಿನ ಕಲ್ಲು ಸೇತುವೆ. ಇನ್ನೊಂದು ವಿಷಯ: ಮೇ 15ಕ್ಕೆ ತಯಾಬಾಸ್, ಸಾರ್ಯಾಯಾದಲ್ಲೂ ಸಾನ್ ಇಸಿದ್ರೋ ಹಬ್ಬವೇ. ತಯಾಬಾಸ್‌ನಲ್ಲಿ ಸಂತನ ಮೂರ್ತಿ ಹೋಗುವಾಗ ಮನೆಗಳ ಮೇಲಿನಿಂದ ಸುಮಾನ್ ಎಸೆಯುತ್ತಾರೆ, ಜನ ಮುಗಿಬಿದ್ದು ಹಿಡಿಯುತ್ತಾರೆ. ಸಾರ್ಯಾಯಾದಲ್ಲಿ ಬಿದಿರಿಗೆ ಕಟ್ಟಿದ ಹಣ್ಣು, ತಿಂಡಿ ಎಲ್ಲಾ ಜನ ಕಿತ್ತುಕೊಂಡು ಹೋಗುವುದೇ ಹಬ್ಬ. ರಮೇಶ್ ನೋಡಿದ ವಿಡಿಯೋ ಬಹುಶಃ ಅದೇ.

ರಾಗಿ_ರಮೇಶ
ನೋಡಿದ್ರಾ! ಕಿತ್ತುಕೊಳ್ಳೋದು ಇದೆ ಅಂತ ನಾನು ಹೇಳಿದ್ದೆ.

ಗೀತಾ_ಕೆ
ಕಿಪಿಂಗ್ ಕಿತ್ತುಕೊಂಡು ಹಸೀ ತಿಂತಾರೆ ಅಂದಿದ್ದು ನೀವು 😂

ಕೃಷಿಕ_ತೀರ್ಥಹಳ್ಳಿ
ಮಳೆ ಹೇಗೆ ಮೇನಲ್ಲಿ? ಅಕ್ಕಿ ಎಲೆ ಅಂದಮೇಲೆ ನೆನೆದರೆ ಮೆತ್ತಗಾಗಿ ಹೋಗಲ್ವಾ?

ಮನಿಲಾ_ಮೆಡಿಕೋ
ಆಗುತ್ತೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದುಂಟು, ಬೆಟ್ಟದ ಬುಡ ನೋಡಿ. ನಾವು ಹೋದಾಗ ಮೋಡ ಕಟ್ಟಿದ ಕೂಡಲೇ ಇಡೀ ಬೀದಿ ಪ್ಲಾಸ್ಟಿಕ್ ಹಾಳೆ ಹಿಡಿದು ಓಡಿತು. ಅದೂ ಒಂದು ನೋಟವೇ. ಹಾಗಾಗಿ ನೋಡೋದೆಲ್ಲ ಬೆಳಿಗ್ಗೆಯೇ ನೋಡಿಬಿಡಿ.

ಕಿರಣ್_ಹಾಸನ
ಎಲ್ಲರಿಗೂ ಥ್ಯಾಂಕ್ಸ್. ಸಹೋದ್ಯೋಗಿಗೆ ಹೇಳಿ ಊರೊಳಗೆ ಒಂದು ಮನೆಯಲ್ಲಿ ಕೋಣೆ ವಿಚಾರಿಸಿದೆ. ಮೆರವಣಿಗೆ ದಾರಿ ಗೊತ್ತಾದ ಮೇಲೆ ಹೇಳ್ತೀನಿ ಅಂದಿದ್ದಾರೆ. 14ಕ್ಕೆ ಹೋಗಿ, ಹಬ್ಬ ನೋಡಿ, 16ಕ್ಕೆ ರೆಸಾರ್ಟ್. ಹುಬ್ಬಳ್ಳಿಯವರಿಗೂ ಬೇಜಾರಾಗಬಾರದು ನೋಡಿ. ಶಾರದಕ್ಕ, ಅಡುಗೆಮನೆ ಬಳಸೋಕೆ ಕೇಳಬಹುದಾ? ಅಮ್ಮ ಒಂದು ಅನ್ನ ಸಾರು ಮಾಡಿಕೊಂಡುಬಿಟ್ಟರೆ ನನ್ನ ತಲೆನೋವು ಮುಗೀತು.

ಶಾರದಕ್ಕ
ಖಂಡಿತ ಕೇಳಿ, ಬೇಡ ಅನ್ನುವ ಜನ ಅಲ್ಲ. ಆದರೆ ಹಬ್ಬದ ದಿನ ಅವರ ಒಲೆ ಖಾಲಿ ಇರುವುದಿಲ್ಲ, ಬಂದ ನೆಂಟರಿಗೆಲ್ಲ ಅಡುಗೆ ಆಗುತ್ತಿರುತ್ತದೆ. ಒಂದು ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ತೆಗೆದುಕೊಂಡು ಹೋಗಿ. ಪ್ಲಗ್ ಅಡಾಪ್ಟರ್ ಮರೆಯಬೇಡಿ, ಅಲ್ಲಿ ಚಪ್ಪಟೆ ಕಡ್ಡಿಯ ಪ್ಲಗ್.

ಹುಬ್ಳಿ_ಹುಡುಗ
ಸಾರಿನ ಪುಡಿ ಜಾಸ್ತಿ ಇಟ್ಟುಕೊಳ್ಳಿ. ವಾಸನೆಗೆ ಪಕ್ಕದ ಮನೆಯವರೂ ಬರ್ತಾರೆ.

ಸಿಂಧು_ಬಳ್ಳಾರಿ
ಮೆಡಿಕೋ ಅವರೇ, ಶಿಕ್ಷಣ ವಿಭಾಗದಲ್ಲಿ ಚರ್ಚೆ ತೆರೆದಿದ್ದೇನೆ, ನೋಡಿ.